ಎದುರು ಮೇಳ ಹೋದ ಮೇಲೆ

ಹಾಡಕಿಯೊಳಗ ಹರದೇಶಿ ಮೇಳ, ನಾಗೇಶಿ ಮೇಳ ಅಂತ ಎರಡು. ಒಬ್ಬರು ಸವಾಲು ಹಾಕಬೇಕು, ಇನ್ನೊಬ್ಬರು ಬಿಡಿಸಬೇಕು. ಎದುರಿನ ಮೇಳ ಬರಲಿಲ್ಲ ಅಂದರ ಎಂಥಾ ಗಟ್ಟಿ ಹಾಡುಗಾರ ಇದ್ದರೂ ಆ ರಾತ್ರಿ ರಂಗೇರೂದಿಲ್ಲ. ಹಿಂಗ ಎದುರು ಮೇಳ ಹೋಗಿ ನಿಂತುಹೋದ ಒಂದು ದೊಡ್ಡ ಪಂದ್ಯಾಟದ ಚರಿತ್ರೆಯನ್ನು ಗುರುಹಿರಿಯರ ಮುಂದೆ ಇಡತೇನಿ. ಅದು ಯುಗೊಸ್ಲಾವಿಯಾ ದೇಶದ ಬಾಸ್ಕೆಟ್‌ಬಾಲ್ ಸಂಘಗಳ ರಾಷ್ಟ್ರೀಯ ಲೀಗ್.

ಯುರೋಪಿನ ಆಗ್ನೇಯ ದಿಕ್ಕಿಗೆ ಇದ್ದ ಆ ದೇಶ ಈಗ ನಕಾಶೆಯೊಳಗ ಇಲ್ಲ. ಸರ್ಬಿಯಾ, ಕ್ರೊಯೇಷಿಯಾ, ಸ್ಲೊವೇನಿಯಾ, ಬೋಸ್ನಿಯಾ-ಹರ್ಜೆಗೊವಿನಾ, ಮ್ಯಾಸಿಡೋನಿಯಾ, ಮಾಂಟೆನೆಗ್ರೊ ಎಂಬ ಆರು ಗಣರಾಜ್ಯ ಕೂಡಿದ ಒಕ್ಕೂಟ ಅದು. ಭಾಷೆ ಒಂದಲ್ಲ, ಲಿಪಿ ಎರಡು. ಕ್ರೈಸ್ತರೊಳಗ ಎರಡು ಪಂಗಡ, ಜೊತೆಗೆ ಮುಸಲ್ಮಾನರು. ಇಷ್ಟೆಲ್ಲ ಬೇರೆ ಬೇರೆ ಇದ್ದ ಮಂದಿ ಒಂದೇ ಪಟ್ಟಕ್ಕಾಗಿ ಆಡತಿದ್ದರು. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲೇ ಈ ಪಂದ್ಯಾಟ ಶುರುವಾಯಿತು.

ಮೊದಮೊದಲು ಒಬ್ಬರದೇ ಮೇಲುಗೈ. ರಾಜಧಾನಿ ಬೆಲ್‌ಗ್ರೇಡಿನ ರೆಡ್ ಸ್ಟಾರ್ ಸಂಘ 1946ರಿಂದ 1955ರ ತನಕ ಸಾಲಾಗಿ 10 ವರ್ಷ ಗೆದ್ದಿತು. ನೆಬೊಯ್ಶಾ ಪೊಪೊವಿಚ್ ಅಲ್ಲಿ ಆಟಗಾರನೂ ಆಗಿದ್ದ, ವಸ್ತಾದನೂ ಆಗಿದ್ದ. 1956ರಲ್ಲಿ ಜ್ರೆನ್ಯಾನಿನ್ ಊರಿನ ಪ್ರೊಲೆಟರ್ ಸಂಘ ಆ ಸರಪಳಿ ಹರಿಯಿತು. ಮರುವರ್ಷ ಪಟ್ಟ ಸ್ಲೊವೇನಿಯಾದ ಒಲಿಂಪಿಯಾ ಸಂಘಕ್ಕೆ ಹೋಯಿತು. 1965ರಲ್ಲಿ ಕ್ರೊಯೇಷಿಯಾದ ಸಮುದ್ರದಂಡೆಯ ಸಣ್ಣ ಪಟ್ಟಣ ಜಾದರ್ ಗೆದ್ದಿತು. 1978ರಲ್ಲಿ ಸರಾಯೆವೊ ನಗರದ ಬೋಸ್ನಾ ಗೆದ್ದಿತು. ಹಿಂಗ ಪಟ್ಟ ದೇಶವೆಲ್ಲ ತಿರುಗಾಡಿತು.

ಜಗಳ ಇರಲಿಲ್ಲ ಅಂತಲ್ಲ. 1983ರ ಕಡೆಯ ಪಂದ್ಯದ ಮಾತು ಕೇಳರಿ. ಶಿಬೆಂಕಾ ಸಂಘದ 18 ವರ್ಷದ ಹುಡುಗ ದ್ರಾಜೆನ್ ಪೆಟ್ರೊವಿಚ್. ಎದುರಿಗೆ ಬೋಸ್ನಾ. ಆಟ ಮುಗಿಯುವ ಹೊತ್ತಿಗೆ ಇವನ ಸಂಘ ಒಂದು ಅಂಕ ಹಿಂದಿತ್ತು. ಪಂಚರು ಎದುರಿನವರ ಫೌಲ್ ಕೊಟ್ಟರು. ಹುಡುಗ ಎರಡೂ ಚೆಂಡು ಬುಟ್ಟಿಗೆ ಹಾಕಿದ, 83–82. ಊರಿಗೆ ಊರೇ ರಾತ್ರಿಯೆಲ್ಲ ಕುಣಿಯಿತು. ಮರುದಿನ ಒಕ್ಕೂಟದವರು ಆ ಫೌಲ್ ಹೊತ್ತು ಮುಗಿದ ಮೇಲಿನದು ಅಂತ ಫಲಿತಾಂಶ ರದ್ದು ಮಾಡಿ, ಬೇರೆ ಊರಾಗ ಮತ್ತ ಆಡರಿ ಅಂದರು. ಶಿಬೆಂಕಾ ಹೋಗಲೇ ಇಲ್ಲ. ಪಟ್ಟ ಬೋಸ್ನಾಕ್ಕೆ ಸಂದಿತು. ಇಷ್ಟಾದರೂ ಮುಂದಿನ ವರ್ಷ ಮತ್ತ ಎಲ್ಲರೂ ಕೂಡಿಯೇ ಆಡಿದರು.

ಮನೆಯೊಳಗ ಇಂಥ ಪೈಪೋಟಿ ಇದ್ದದ್ದಕ್ಕೇ ಹೊರಗ ಅವರನ್ನು ಹಿಡಿಯುವವರು ಇರಲಿಲ್ಲ. ಯುರೋಪಿನ ಸಂಘಗಳ ದೊಡ್ಡ ಕಪ್ಪನ್ನು 1979ರಲ್ಲಿ ಬೋಸ್ನಾ, 1985 ಮತ್ತು 1986ರಲ್ಲಿ ಜಾಗ್ರೆಬ್ ನಗರದ ಸಿಬೋನಾ, 1989ರಿಂದ 1991ರ ತನಕ ಸ್ಪ್ಲಿಟ್ ನಗರದ ಸಂಘ, 1992ರಲ್ಲಿ ಬೆಲ್‌ಗ್ರೇಡಿನ ಪಾರ್ಟಿಜಾನ್ ಗೆದ್ದವು. 14 ವರ್ಷದಾಗ 7 ಸಲ! ಅದಕ್ಕಿಂತ ಸೋಜಿಗ ಅಂದರ, 1986ರಲ್ಲಿ ಇಡೀ ಯುರೋಪ ಗೆದ್ದ ಸಿಬೋನಾ ತನ್ನ ದೇಶದ ಪಟ್ಟವನ್ನು ಜಾದರ್ ಎದುರು ಸೋತಿತು. ಅದೂ ತನ್ನದೇ ಊರಾಗ.

ಆಮೇಲೆ ದೇಶವೇ ಒಡೆಯಿತು. 1991ರ ಜೂನ್ 25ರಂದು ಸ್ಲೊವೇನಿಯಾ, ಕ್ರೊಯೇಷಿಯಾ ಬೇರೆಯಾದೆವು ಅಂತ ಸಾರಿದವು. ಅದೇ ವಾರ ರೋಮ್ ನಗರದಾಗ ದೇಶದ ತಂಡ ಯುರೋಪ ಪಂದ್ಯಾವಳಿ ಆಡತಿತ್ತು. ಸ್ಲೊವೇನಿಯಾದ ಯೂರೆ ಜ್ಡೊವ್ತ್ಸ್ ತನ್ನ ಸರಕಾರದ ಮಾತಿಗೆ ತಂಡ ಬಿಟ್ಟು ನಡುವೆಯೇ ಹೋಗಬೇಕಾಯಿತು. ಉಳಿದವರು ಆಡಿ ಬಂಗಾರದ ಪದಕ ಗೆದ್ದರು. 1991–92ರ ಲೀಗಿಗೆ ಕ್ರೊಯೇಷಿಯಾ, ಸ್ಲೊವೇನಿಯಾ ಸಂಘಗಳು ಬರಲಿಲ್ಲ. ಪಾರ್ಟಿಜಾನ್ ಆ ಪಟ್ಟ ಗೆದ್ದಿತು, ಅದೇ ಕಡೆಯದು. ಯುದ್ಧದ ಭಯಕ್ಕೆ ಆ ವರ್ಷ ಯುರೋಪ ಕಪ್ಪಿನ ತಮ್ಮ ಊರ ಪಂದ್ಯಗಳನ್ನು ಅವರು ಸ್ಪೇನಿನ ಫುಎನ್ಲಾಬ್ರಾಡಾದಾಗ ಆಡಬೇಕಾಯಿತು. 1992ರ ಏಪ್ರಿಲದಾಗ ಅವರು ಆ ಕಪ್ಪು ಗೆದ್ದರು. ಅದೇ ತಿಂಗಳು, ಬೋಸ್ನಾ ಸಂಘದ ಊರು ಸರಾಯೆವೊಕ್ಕೆ ಮುತ್ತಿಗೆ ಬಿದ್ದಿತು.

ಒಂದು ಲೀಗ್ ಇದ್ದಲ್ಲಿ ಹಲವು ಲೀಗ್ ಆದವು. ಎಲ್ಲ ಕಡೆ ಗೆದ್ದವರು ಇದ್ದರು, ಆದರ ಹಳೇ ಎದುರಾಳಿಗಳು ಇರಲಿಲ್ಲ. ಒಳ್ಳೊಳ್ಳೇ ಆಟಗಾರರು ಹೊರದೇಶ ಸೇರಿದರು. ಮುಂದಿನ 30 ವರ್ಷದಾಗ ಆ ನಾಡಿನ ಒಂದು ಸಂಘವೂ ಯುರೋಪಿನ ಆ ದೊಡ್ಡ ಕಪ್ಪು ಗೆಲ್ಲಲಿಲ್ಲ. ಇದರ ಅರ್ಥ ಅವರಿಗೂ ಆಗಿರಬೇಕು. 2001ರಲ್ಲಿ ಒಲಿಂಪಿಯಾ, ಸಿಬೋನಾ, ಬೋಸ್ನಾ, ಬುದುಚ್ನೋಸ್ತ್ ಎಂಬ ನಾಲ್ಕು ಸಂಘಗಳು, ಈಗ ನಾಲ್ಕು ದೇಶದವು, ಕೂಡಿ ಏಡ್ರಿಯಾಟಿಕ್ ಲೀಗ್ ಹುಟ್ಟುಹಾಕಿದವು. ಮರುವರ್ಷ ಸರ್ಬಿಯಾದವರೂ ಬಂದರು. ದೇಶ ಮತ್ತ ಒಂದಾಗಲಿಲ್ಲ, ಆದರ ಎದುರುಬದುರು ನಿಂತು ಆಡೂದು ಮತ್ತ ಶುರುವಾಯಿತು.

ನಮ್ಮ ಜತ್ತ ಸೀಮಿಯ ಬಗಲಾಗೂ 1956ರಾಗ ರಾಜ್ಯದ ಗೆರೆ ಬಿತ್ತು. ಪುಣ್ಯಕ್ಕೆ ಅದು ಬರೀ ಗೆರೆಯಾಗಿ ಉಳೀತು. ಈ ಕಡೆಯ ಮೇಳ ವಿಜಯಪುರದ ಕಡೆ ಜಾತ್ರಿಗೆ ಹೋಗತದ, ಆ ಕಡೆಯದು ಇಲ್ಲಿಗೆ ಬರತದ. ಸಾಲಿಯ ಹುಡುಗರಿಗೆ ಮಾತ್ರ ಆ ದಾರಿ ಇನ್ನೂ ಆಗಿಲ್ಲ. ಅವರ ಆಟದ ಸ್ಪರ್ಧೆ ತಾಲೂಕ, ಜಿಲ್ಲಾ, ರಾಜ್ಯ ಅಂತ ಗೆರೆಯ ಒಳಗೇ ಮುಗಿತಾವ. ಅದಕ್ಕ ಮಾಸ್ತರಲ್ಲಿ ಒಂದು ವಿನಂತಿ. ವರ್ಷಕ್ಕ ಒಂದು ಸಲ ಆದರೂ ಗೆರೆ ಆಚೆಯ ಸಾಲಿಯವರನ್ನು ಪಂದ್ಯಕ್ಕ ಕರೀರಿ. ಕಬಡ್ಡಿ ಆಗಲಿ, ಖೋ-ಖೋ ಆಗಲಿ. ಬಂದವರಿಗೆ ಊಟದ ವ್ಯವಸ್ಥಾ ನಾವು ಊರ ಮಂದಿ ನೋಡಕೋತೇವಿ.