ಬರೆಯದೆ ಉಳಿದ ಬಸ್ಸಾರು

ಇಡ್ಲಿಯ ಹೆಸರು ಕನ್ನಡ ಸಾಹಿತ್ಯದಲ್ಲಿ ಮೊದಲು ಕಾಣಿಸುವುದು ಕ್ರಿ.ಶ. 920ರ ಸುಮಾರಿನ ‘ವಡ್ಡಾರಾಧನೆ’ಯಲ್ಲಿ. ಅಲ್ಲಿ ಅದು ‘ಇಡ್ಡಲಿಗೆ’. ಮನೆಗೆ ಬಂದ ಅತಿಥಿಗೆ ಬಡಿಸಿದ ತಿನಿಸುಗಳಲ್ಲೊಂದು. ನಮ್ಮ ನುಡಿಯಲ್ಲಿ ಅಡುಗೆಯ ಚರಿತ್ರೆ ಹೀಗೆ ಹಂಚಿ ಉಣ್ಣುವ ಸನ್ನಿವೇಶದಲ್ಲೇ ಕಣ್ಣಿಗೆ ಬೀಳುವುದು ಆಕಸ್ಮಿಕವಲ್ಲ. ಅತಿಥಿಗೆ ಬಡಿಸಿದ್ದು ಬರಹಕ್ಕೆ ಬಂತು. ಅತಿಥಿಯಿಲ್ಲದ ದಿನ ಆ ಮನೆಯವರು ಉಂಡದ್ದೇನೆಂಬುದು ಬರಲಿಲ್ಲ.

ನೂರು ವರ್ಷಗಳ ತರುವಾಯ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ಕ್ರಮವನ್ನು ಹೇಳಿದನು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಊಟವನ್ನು ವಿಸ್ತಾರವಾಗಿ ವರ್ಣಿಸಿದನು. 1508ರ ಸುಮಾರಿಗೆ ಮೂರನೆಯ ಮಂಗರಸನು ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನೇ ರಚಿಸಿದನು, ಬದನೆಕಾಯಿಯೊಂದರಿಂದಲೇ ಹಲವು ಬಗೆಗಳನ್ನು ಮಾಡಿ ತೋರಿಸಿದನು. ಬರೆದವರು ಅರಸರು ಮತ್ತು ಪಂಡಿತರು. ದಿನವೂ ಒಲೆಯ ಮುಂದೆ ಕುಳಿತ ಹೆಣ್ಣುಮಕ್ಕಳ ಕೈಯಲ್ಲಿ ಲೇಖನಿ ಇರಲಿಲ್ಲ.

ಬಡವರ ಧಾನ್ಯಕ್ಕೆ ಕಾವ್ಯದಲ್ಲಿ ಸಿಂಹಾಸನ ಕೊಟ್ಟವರು ಕನಕದಾಸರು. ‘ರಾಮಧಾನ್ಯ ಚರಿತ್ರೆ’ಯಲ್ಲಿ ಭತ್ತಕ್ಕೂ ರಾಗಿಗೂ ಹಿರಿಮೆಯ ವ್ಯಾಜ್ಯ ಹುಟ್ಟುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ; ಕಂಗೆಡದೆ ಉಳಿದ ರಾಗಿ ಗೆಲ್ಲುತ್ತದೆ. ಆದರೆ ಆ ರಾಗಿಯ ಮುದ್ದೆಯೊಡನೆ ಯಾವ ಸಾರನ್ನು ಉಂಡರೆಂಬುದು ಕಾವ್ಯದ ವಿಷಯವಲ್ಲ.

ಆ ವಿಷಯ ಪುಸ್ತಕಕ್ಕೆ ಏರಲು ಜನ ಮನೆ ಬಿಟ್ಟು ದೂರ ಹೋಗಬೇಕಾಯಿತು. ಮದರಾಸಿನ ಮೀನಾಕ್ಷಿ ಅಮ್ಮಾಳ್ ಅವರ ‘ಸಮೈತ್ತುಪ್ಪಾರ್’ 1951ರಲ್ಲಿ ತಮಿಳಿನಲ್ಲಿ ಪ್ರಕಟವಾಯಿತು. ದೂರದ ಬಂಧುಗಳು ಪದೇ ಪದೇ ಕಾಗದ ಬರೆದು ಅಡುಗೆಯ ಕ್ರಮ ಕೇಳುತ್ತಿದ್ದುದೇ ಆ ಪುಸ್ತಕಕ್ಕೆ ಪ್ರೇರಣೆ. ನಿತ್ಯದ ಸಾಂಬಾರು, ರಸಂ ಅಳತೆಸಹಿತ ಅಚ್ಚಾದವು. ಮನೆಯಲ್ಲೇ ಇದ್ದವರಿಗೆ ಅಳತೆ ಬೇಕಿರಲಿಲ್ಲ. ಅವರಿಗೆ ಅಮ್ಮನ ಕೈ ಕಾಣುತ್ತಿತ್ತು.

ವರ್ಗಾವಣೆಯ ಆದೇಶ ಹಿಡಿದು ಊರಿಂದೂರಿಗೆ ಸಾಗುವ ನಮಗೆ ಇದು ಚೆನ್ನಾಗಿ ಗೊತ್ತು. ನಮ್ಮ ತಾಯಿ ತೀರಿಕೊಂಡ ಮೇಲೆ ಅವರ ಅಡುಗೆಯ ಹಳೆಯ ಡೈರಿ ದೆಹಲಿಯ ನಮ್ಮ ಮನೆಗೆ ಬಂತು. ಒಬ್ಬಟ್ಟು, ಚಿರೋಟಿ, ಮೈಸೂರು ಪಾಕು ಎಲ್ಲವೂ ಅದರಲ್ಲಿದ್ದವು. ವಾರಕ್ಕೆರಡು ಬಾರಿ ಅವರು ಮಾಡುತ್ತಿದ್ದ ಬಸ್ಸಾರು ಮಾತ್ರ ಇರಲಿಲ್ಲ. ನಮ್ಮ ತಾಯಿಯೂ ಮಂಗರಸನಂತೆ ವಿಶೇಷವಾದುದನ್ನಷ್ಟೇ ಬರೆದಿಟ್ಟಿದ್ದರು. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿಯ ಖಾರ ಸೇರಿಸಿ ನಾವು ಎಷ್ಟು ಬಾರಿ ಕುದಿಸಿದರೂ ಆ ರುಚಿ ಕೂಡಿಬರಲಿಲ್ಲ.

ಒಂದು ಭಾನುವಾರ ನಮ್ಮ ಮಗಳು ಆ ಸಾರಿನ ಚಿತ್ರವನ್ನು ಮೊಬೈಲಿನಲ್ಲಿ ಬಂಧುಗಳಿಗೆಲ್ಲ ಕಳುಹಿಸಿದಳು. ಹಾಸನದಿಂದ ಚಿಕ್ಕಜ್ಜಿಯ ದನಿ ಬಂತು: “ಬೆಂದ ಕಾಳು ಒಂದ್ ಹಿಡಿ ಖಾರಕ್ಕೆ ಹಾಕಿ ರುಬ್ದ್ಯಾ ಮಗ? ನಿಮ್ಮಜ್ಜಿ ಅದಿಲ್ದೆ ರುಬ್ತಿರ್ಲಿಲ್ಲ.” ಚೆನ್ನೈನ ಅತ್ತಿಗೆ ಮೆಣಸು, ಜೀರಿಗೆಯೂ ಬೇಕೆಂದು ವಾದಿಸಿದರು. ಸಂಜೆಯವರೆಗೂ ವ್ಯಾಜ್ಯ ನಡೆಯಿತು.

ನಿತ್ಯದ ಊಟವನ್ನು ಹೀಗೆ ತೋರಿಸಿಕೊಳ್ಳುವುದು ಪ್ರದರ್ಶನದ ಚಟವೆಂದು ನಾವೂ ಮೂಗು ಮುರಿದದ್ದುಂಟು. ಆದರೆ ಸಾವಿರ ವರ್ಷ ಶಾಸ್ತ್ರಗ್ರಂಥಗಳು ಬಿಟ್ಟುಬಿಟ್ಟದ್ದು ಈಗ ಈ ಹರಟೆಯಲ್ಲಿ ದಾಖಲಾಗುತ್ತಿದೆ. ಚಿಕ್ಕಜ್ಜಿಗೆ ಎಂಬತ್ತನಾಲ್ಕು. ಆ ರಾತ್ರಿ ಮಗಳು ಡೈರಿಯ ಕೊನೆಯ ಖಾಲಿ ಹಾಳೆಯಲ್ಲಿ ಬಸ್ಸಾರಿನ ಎರಡು ಪಾಠಗಳನ್ನೂ ಬರೆದಿಟ್ಟಳು. ‘ಒಂದು ಹಿಡಿ’ ಎಂಬುದರ ಮುಂದೆ, ಯಾರ ಹಿಡಿಯೆಂದೂ ನಮೂದಿಸಿದಳು.