ಬಿಲ್ಲಿಲ್ಲದ ಯಾಶಿಕಾ

ಕಳೆದ ತಿಂಗಳು ಮೈಸೂರಿನ ಅಂಗಡಿಯೊಂದರಲ್ಲಿ ಹೊಸ ಕ್ಯಾಮೆರಾಕ್ಕೆ ದುಡ್ಡು ಕೊಡುವ ಹೊತ್ತಿಗೆ ಕೌಂಟರಿನ ಹುಡುಗ ಇನ್ನೊಂದು ಹಾಳೆ ಮುಂದಿಟ್ಟ. ಕಂಪನಿಯ ವಾರಂಟಿ ಎರಡು ವರ್ಷ; ಅದರ ಮೇಲೆ ಇನ್ನೆರಡು ವರ್ಷಕ್ಕೆ 5,490 ರೂಪಾಯಿ. "ತಗೊಂಡ್ಬುಡಿ ಸಾರ್, ಟೆನ್ಶನ್ ಇರಲ್ಲ" ಅಂದ. ಮಗ ಆಗಲೇ ತಲೆಯಾಡಿಸಿದ್ದ. ನಾನು ಕನ್ನಡಕ ಹಾಕಿಕೊಂಡು ಸಣ್ಣಕ್ಷರ ಓದಲು ಕೂತೆ.

ಮಿರ್ಲೆಯಲ್ಲಿ ನಾನು ಸ್ಟುಡಿಯೊ ಬಾಗಿಲು ತೆಗೆದದ್ದು 1984ರಲ್ಲಿ. ಅದಕ್ಕೆ ಮುಂಚೆ ಕೈಯಲ್ಲಿದ್ದದ್ದು ಬರೋಡಾದಲ್ಲಿ ತಯಾರಾದ ಆಗ್ಫಾ ಕ್ಲಿಕ್ ತ್ರೀ. ಮೋಡಕ್ಕೊಂದು ಗುರುತು, ಬಿಸಿಲಿಗೊಂದು ಗುರುತು. ಕೆಡಲು ಅದರಲ್ಲಿ ಏನೂ ಇರಲಿಲ್ಲ. ಹೊಟ್ಟೆಪಾಡಿಗೆ ಅದು ಸಾಲದೆ ಯಾಶಿಕಾ ಮ್ಯಾಟ್ 124 ಜಿ ತಂದೆ, ಸೆಕೆಂಡ್ ಹ್ಯಾಂಡ್. ವಿದೇಶಿ ಕ್ಯಾಮೆರಾ ತರಿಸಲು ಸರ್ಕಾರ ಕೈ ಬಿಗಿಹಿಡಿದಿದ್ದ ಕಾಲ. ನಮ್ಮಂಥವರಿಗೆ ಸಿಗುತ್ತಿದ್ದದ್ದು ಯಾರೋ ಸಿಂಗಪುರದಿಂದ ಬಟ್ಟೆ ನಡುವೆ ಸುತ್ತಿ ತಂದದ್ದು, ಇಲ್ಲ ಮದ್ರಾಸಿನ ಬರ್ಮಾ ಬಜಾರಿನಲ್ಲಿ ಕೈ ಬದಲಾದದ್ದು. ಬಿಲ್ಲು ಕೇಳಿದರೆ ನಗುತ್ತಿದ್ದರು. ನನಗೆ ಮಾರಿದ ಹಿರಿಯರು, "ಮೂರು ತಿಂಗಳಲ್ಲಿ ಏನಾದ್ರೂ ಕೈಕೊಟ್ರೆ ತಂದ್ಬುಡಪ್ಪ" ಅಂದರು. ವಾರಂಟಿ ಅಂದರೆ ಅಷ್ಟೇ ಮಾತು.

ನಮ್ಮಪ್ಪನಿಗೆ ಅದೂ ಹಿಡಿಸಲಿಲ್ಲ. ಚುಂಚನಕಟ್ಟೆಯ ಸಂಕ್ರಾಂತಿ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತು ಹಿಡಿದು ತರುತ್ತಿದ್ದ ಮನುಷ್ಯ. ಬಾಯಿ ಬಿಡಿಸಿ ಹಲ್ಲು ನೋಡಬೇಕು, ಸುಳಿ ನೋಡಬೇಕು, ನಾಲ್ಕು ಹೆಜ್ಜೆ ನಡೆಸಬೇಕು, ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ. ಹಗ್ಗ ಕೈಗೆ ಬಂದ ಮೇಲೆ ಎತ್ತೂ ನಿನ್ನದು, ಅದರ ಕಾಯಿಲೆಯೂ ನಿನ್ನದು. ಯಾಶಿಕಾವನ್ನು ಅತ್ತಿತ್ತ ತಿರುಗಿಸಿ, "ಇದಕ್ಕೆ ಹಲ್ಲೆಲ್ಲೋ?" ಅಂದರು.

ಹಲ್ಲು ಎಲ್ಲಿದೆ ಅನ್ನುವುದು ನನಗೆ ಗೊತ್ತಾದದ್ದು ಎರಡು ಮಳೆಗಾಲ ಕಳೆದ ಮೇಲೆ. ಹಿಂಬಾಗಿಲು ತೆರೆದು, ಶಟರ್ ತೆರೆದು ಹಿಡಿದು, ಲೆನ್ಸಿನೊಳಗಿಂದ ಬಲ್ಬು ನೋಡಬೇಕು. ಜೇಡನ ಬಲೆಯಂಥ ಎಳೆ ಕಂಡರೆ ಬೂಷ್ಟು. ನಮ್ಮದು ನಾಲೆಯ ಊರು, ಸುತ್ತ ಭತ್ತದ ಗದ್ದೆ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಚರ್ಮದ ಚೀಲಕ್ಕೂ ಬೂಷ್ಟು ಬರುತ್ತದೆ, ಗಾಜಿಗೂ ಬರುತ್ತದೆ. ಮೈಸೂರಿನ ರಿಪೇರಿಯವರೊಬ್ಬರು ಲೆನ್ಸು ಬಿಚ್ಚಿ ಒರೆಸಿ ಕೊಟ್ಟರು. ಮಾರಿದವರ ಮೂರು ತಿಂಗಳು ಆಗ ಎಂದೋ ಮುಗಿದಿತ್ತು. ಆ ಕಾಲ ಚಿನ್ನದಂಥದ್ದು ಅಂತ ನಾನೇನೂ ಹೇಳುವುದಿಲ್ಲ. ಕೆಟ್ಟ ಮಾಲು ತಲೆಗೆ ಕಟ್ಟಿದವನ ಮೇಲೆ ದೂರು ಕೊಡುವುದಾದರೂ ಹೇಗೆ? ಕಳ್ಳಮಾಲು ಕೊಂಡವನು ನಾನೇ ತಾನೆ.

ಒಂದು ಮದುವೆಗೆ ಐದು ರೋಲು, ರೋಲಿಗೆ ಹನ್ನೆರಡು, ಒಟ್ಟು ಅರವತ್ತು ಫೋಟೊ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು' ರೋಲು ಸಿಕ್ಕಿದರೆ ಅದೇ. ಧಾರೆಗೆ ಒಂದೇ ಕ್ಲಿಕ್. ಮದುಮಗಳು ಕಣ್ಣು ಮುಚ್ಚಿದರೆ ಮುಚ್ಚಿದ್ದೇ. ಈಗ ಮಗ ಚಪ್ಪರದಿಂದ ಬೀಗರೂಟದವರೆಗೆ ಮೂರು ಸಾವಿರ ಹೊಡೆಯುತ್ತಾನೆ. ಒಂದೂವರೆ ಲಕ್ಷ ಕ್ಲಿಕ್ಕಿನ ಶಟರ್ ಐವತ್ತು ಮದುವೆಗೆ ಸರಿಹೋಯಿತು. ಡಿಜಿಟಲ್ ಕ್ಯಾಮೆರಾದ ಹಲ್ಲು ಅದೇ: ಎಷ್ಟು ಕ್ಲಿಕ್ಕಾಗಿದೆ ಅನ್ನುವ ಲೆಕ್ಕ ಅದರ ಹೊಟ್ಟೆಯಲ್ಲೇ ಇರುತ್ತದೆ. ಅಪ್ಪ ಇದ್ದಿದ್ದರೆ ಕೇಳುತ್ತಿದ್ದರು.

ಆ ಹಾಳೆಯ ಸಣ್ಣಕ್ಷರದಲ್ಲಿ ಇದ್ದದ್ದು ಇಷ್ಟು. ಬಿದ್ದು ಒಡೆದರೆ ಇಲ್ಲ. ನೀರು ಹೋದರೆ ಇಲ್ಲ. ಬೂಷ್ಟು, ಧೂಳು ಇಲ್ಲ. ಬಳಸಿ ಸವೆದ ಭಾಗ ಇಲ್ಲ. ಕೊನೆಗೆ, ವಾಣಿಜ್ಯ ಬಳಕೆಗೆ ಅನ್ವಯಿಸುವುದಿಲ್ಲ. ಮದುವೆ ಮನೆಯಲ್ಲಿ ಕ್ಯಾಮೆರಾ ಸಾಯುವುದು ಈ ಐದರಲ್ಲೇ, ಅದೂ ಬಹುಪಾಲು ಪಾನಕ ಚೆಲ್ಲಿ. ಉಳಿದದ್ದು ತಯಾರಿಕೆಯ ದೋಷ. ಅದು ಸಾಮಾನ್ಯವಾಗಿ ಮೊದಲ ಕೆಲವು ತಿಂಗಳಲ್ಲೇ ತಲೆ ಎತ್ತುತ್ತದೆ, ಆ ತಿಂಗಳುಗಳು ಕಂಪನಿಯ ವಾರಂಟಿಯೊಳಗೇ ಇರುತ್ತವೆ.

'ವಾಣಿಜ್ಯ' ಅನ್ನುವ ಪದಕ್ಕೆ ಹೆದರಬೇಕಿಲ್ಲ ಅನ್ನುವುದು ನಾನು ತಡವಾಗಿ ಕಲಿತದ್ದು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಗೆ 1993ರಲ್ಲಿ ತಿದ್ದುಪಡಿಯಾಗಿ, ಜೀವನೋಪಾಯಕ್ಕಾಗಿ ಸ್ವಂತ ದುಡಿಯುವವನು ಕೊಂಡು ತಾನೇ ಬಳಸುವ ಸಾಮಾನನ್ನು ವಾಣಿಜ್ಯದ ಲೆಕ್ಕದಿಂದ ಹೊರಗಿಟ್ಟರು. ವಾರಂಟಿ ಚೀಟಿಗೆ ನಾನು ವ್ಯಾಪಾರಿ, ಕಾನೂನಿಗೆ ಗ್ರಾಹಕ! 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯಲ್ಲಂತೂ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎಲ್ಲೋ ದೂರದ ಊರಿಂದ ಆನ್‌ಲೈನಲ್ಲಿ ತರಿಸಿದ ಮಾಲಿಗೂ ಮೈಸೂರೇ ಸಾಕು.

ಯಾಶಿಕಾ ಕಂಪನಿಯನ್ನು 1983ರಲ್ಲಿ ಕ್ಯೋಸೆರಾ ಕೊಂಡಿತು; 2005ರಲ್ಲಿ ಆ ಹೆಸರಿನ ಕ್ಯಾಮೆರಾ ಮಾಡುವುದನ್ನೇ ಬಿಡುತ್ತೇವೆ ಅಂದಿತು. ನನ್ನದು ಅಂಗಡಿಯ ಗಾಜಿನ ಬೀರುವಿನಲ್ಲಿ ಇನ್ನೂ ಕಟಕಟ ಅನ್ನುತ್ತದೆ. ಲೆನ್ಸು ಒರೆಸಿ ಕೊಡುತ್ತಿದ್ದವರ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ಹಾಳೆಯನ್ನು ಹುಡುಗನ ಕಡೆಗೇ ಸರಿಸಿದೆ. ಆ ದುಡ್ಡಿಗೆ ತೇವ ಹೀರುವ ಪೆಟ್ಟಿಗೆಯೊಂದು ಬರುತ್ತದೆ, ಅದು ಕೊಡಪ್ಪ ಅಂದೆ. ಮಗನಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಬಿಲ್ಲಿನಲ್ಲಿ ಬರೀ ಮಾಡೆಲ್ ಹೆಸರಿತ್ತು. ಬಾಡಿ ನಂಬರು, ಲೆನ್ಸ್ ನಂಬರು ಎರಡನ್ನೂ ಬರೆಸಿದೆ. ಹುಡುಗ ಸೀಲು ಹುಡುಕಲು ಒಳಗೆ ಹೋದ. ಹಿಂದೆ ಕ್ಯೂನಲ್ಲಿದ್ದವರು ಗೊಣಗತೊಡಗಿದರು. ಸೀಲು ಬೀಳುವವರೆಗೂ ನಾನು ಕೌಂಟರ್ ಬಿಟ್ಟು ಕದಲಲಿಲ್ಲ.