ಬಯಲಿನಲ್ಲಿ ಸಾಗಿದ ಬೀಗದ ಕೈ

1984ನೆಯ ಇಸವಿಯ ಡಿಸೆಂಬರ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಗಣಕಯಂತ್ರಗಳನ್ನು ಕುರಿತು ಅಂತರರಾಷ್ಟ್ರೀಯ ಸಮ್ಮೇಳನವೊಂದು ನೆರೆದಿದ್ದಿತು. ಅಮೆರಿಕದ ಚಾರ್ಲ್ಸ್ ಬೆನೆಟ್, ಕೆನಡದ ಜಿಲ್ ಬ್ರಾಸಾರ್ ಎಂಬ ಇಬ್ಬರು ವಿದ್ವಾಂಸರ ಕೆಲವೇ ಪುಟಗಳ ಪ್ರಬಂಧವು ಅಲ್ಲಿ ಮಂಡಿತವಾಯಿತು. ಗುಪ್ತಲಿಪಿಯ ಚರಿತ್ರೆಯಲ್ಲಿ ಹೊಸ ಅಧ್ಯಾಯವು ನಮ್ಮ ನಾಡಿನಲ್ಲಿಯೇ ತೆರೆಯಿತೆಂಬುದನ್ನು ವಾಚಕರಲ್ಲಿ ಅನೇಕರು ಅರಿಯರು.

ಇದರ ಬೀಜವನ್ನು ಬಿತ್ತಿದವನು ಸ್ಟೀಫನ್ ವೀಸ್ನರ್. ಆತನು ಬಹು ಹಿಂದೆಯೇ ಬರೆದಿದ್ದ ಲೇಖನವು ತಿರಸ್ಕೃತವಾಗಿ, 1983ರಲ್ಲಿ ಮಾತ್ರವೇ ಬೆಳಕನ್ನು ಕಂಡಿತು.

ಗುಟ್ಟಿನ ಓಲೆಯನ್ನು ಬರೆಯುವುದು ಕಷ್ಟವಲ್ಲ. ಅದನ್ನು ಬಿಡಿಸುವ ಸಂಕೇತವನ್ನು ದೂರದವನಿಗೆ ಮುಟ್ಟಿಸುವುದೇ ಕಷ್ಟ. ಆ ಸಂಕೇತವನ್ನು ಬೆಳಕಿನ ಒಂದೊಂದೇ ಕಣದ ಮೇಲೆ ಹೊರಿಸಬೇಕೆಂಬುದು ಇವರ ಉಪಾಯ. ಕಣದ ಕಂಪನಕ್ಕೆ ನೆಟ್ಟಗೆ, ಅಡ್ಡ ಮತ್ತು ಎರಡು ಓರೆಗಳೆಂದು ನಾಲ್ಕು ದಿಕ್ಕುಗಳು. ಪಡೆಯುವವನು ನೇರ, ಓರೆ ಎಂಬ ಎರಡು ಬಗೆಗಳಲ್ಲಿ ಒಂದನ್ನು ಮನಬಂದಂತೆ ಆರಿಸಿ ಅಳೆಯುತ್ತಾನೆ. ಆಮೇಲೆ ಇಬ್ಬರೂ ತಾವು ಆರಿಸಿದ ಬಗೆಯನ್ನು ಮಾತ್ರ ಬಹಿರಂಗವಾಗಿ ಹೇಳಿಕೊಂಡು, ಹೊಂದಿಕೆಯಾದ ಅರ್ಧವನ್ನು ಇಟ್ಟುಕೊಳ್ಳುತ್ತಾರೆ. ನಡುವೆ ಯಾವನಾದರೂ ಪ್ರತಿಯೊಂದು ಕಣವನ್ನೂ ಹಿಡಿದು ಅಳೆದು ಮರಳಿ ಕಳುಹಿಸಿದನಾದರೆ, ಉಳಿದುದರಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ತಪ್ಪಾಗಿ, ಕಳ್ಳತನವು ಹೊರಬೀಳುವುದು.

1989ರ ಮೊದಲ ಪ್ರಯೋಗದಲ್ಲಿ ಕಣಗಳು ಗಾಳಿಯಲ್ಲಿ ಸಾಗಿದ ದೂರ ಸುಮಾರು 30 ಸೆಂಟಿಮೀಟರು! ಅದರಲ್ಲಿಯೂ ದಿಕ್ಕನ್ನು ಬದಲಿಸುವ ಉಪಕರಣವು ಒಂದೊಂದು ದಿಕ್ಕಿಗೆ ಒಂದೊಂದು ಬಗೆಯ ಸದ್ದು ಮಾಡುತ್ತಿದ್ದಿತಂತೆ. ಕಿವುಡನಾದ ಕಳ್ಳನಿಂದ ಮಾತ್ರವೇ ತಮ್ಮ ಗುಟ್ಟು ಸುರಕ್ಷಿತವೆಂದು ಬ್ರಾಸಾರನೇ ಮುಂದೆ ಹಾಸ್ಯಮಾಡಿದನು. ತತ್ತ್ವವು ನಿರ್ದುಷ್ಟವಾಗಿದ್ದರೂ ಯಂತ್ರವು ಚಾಡಿ ಹೇಳಬಹುದು. ಈ ಅಳುಕು ಇಂದಿಗೂ ಹೋಗಿಲ್ಲ.

ಗಾಜಿನ ತಂತಿಯಲ್ಲಿ ದೂರ ಹೆಚ್ಚಿದಂತೆ ಕಣಗಳು ಬಹುಬೇಗ ನಷ್ಟವಾಗುತ್ತವೆ. ಗಾಳಿಯಾದರೋ ಕಂಪನದ ದಿಕ್ಕನ್ನು ಹೆಚ್ಚಾಗಿ ಕೆಡಿಸದು. ಅದರಾಚೆಗೆ ಬರಿಯ ಶೂನ್ಯ. ಬಿಸಿಲು, ಮೋಡ, ಗಾಳಿಯ ಕಲಕು, ಇವೇ ಇಲ್ಲಿನ ಶತ್ರುಗಳು. 2002ರಲ್ಲಿ ಅಮೆರಿಕದವರು ಹಾಡುಹಗಲಿನಲ್ಲಿಯೇ 10 ಕಿಲೋಮೀಟರು ದೂರ ಸಾಧಿಸಿದರು. ಅದೇ ವರ್ಷ ಆಲ್ಪ್ಸ್ ಪರ್ವತದ ಎರಡು ಶಿಖರಗಳ ನಡುವೆ 23.4 ಕಿಲೋಮೀಟರು; 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲಾ ಪಾಲ್ಮಾ ದ್ವೀಪದಿಂದ ತೆನೆರಿಫೆಗೆ ಕಡಲಿನ ಮೇಲೆ 144 ಕಿಲೋಮೀಟರು. 2016ರ ಆಗಸ್ಟಿನಲ್ಲಿ ಚೀನಾ ದೇಶವು ತನ್ನ ಪ್ರಾಚೀನ ತತ್ತ್ವಜ್ಞಾನಿ ಮೋಜಿಯ ಹೆಸರಿನ ಉಪಗ್ರಹವನ್ನು ಹಾರಿಸಿತು. ಅದರಿಂದ 1,200 ಕಿಲೋಮೀಟರಿನವರೆಗೆ ಸಂಕೇತವು ಭೂಮಿಗಿಳಿಯಿತು. 2017ರಲ್ಲಿ ಬೀಜಿಂಗ್ ಮತ್ತು ವಿಯೆನ್ನಾಗಳ ವಿದ್ವಾಂಸರು ಅದರ ನೆರವಿನಿಂದಲೇ ಗುಪ್ತವಾಗಿ ಸಂಭಾಷಿಸಿದರು. ಆದರೆ ಇಲ್ಲೊಂದು ತೊಡಕುಂಟು: ಆ ಸಂಭಾಷಣೆಯ ಸಂಕೇತಗಳೆಲ್ಲವೂ ಉಪಗ್ರಹಕ್ಕೆ ಗೊತ್ತಿದ್ದವು. ಅದನ್ನು ಹಾರಿಸಿದವರನ್ನು ನಂಬದವನಿಗೆ ಈ ಏರ್ಪಾಡಿನಿಂದ ಪ್ರಯೋಜನವೇನು?

ಬೆಂಗಳೂರಿನ ರಾಮನ್ ಸಂಶೋಧನಾ ಮಂದಿರದವರು 2021ರ ಫೆಬ್ರವರಿಯಲ್ಲಿ ಎರಡು ಕಟ್ಟಡಗಳ ನಡುವೆ ಬಯಲುಗಾಳಿಯಲ್ಲಿ ಇಂತಹ ಸಂದೇಶವನ್ನು ಸಾಗಿಸಿದರು. ಪ್ರಬಂಧವು ಮಂಡಿತವಾದ ಊರಿನಲ್ಲಿ, ಮೂವತ್ತಾರು ವರ್ಷಗಳು ಕಳೆದ ಮೇಲೆ, 50 ಮೀಟರು.